ಕಾರ್ ರಿಪೇರಿಗೆ ಕಂಪನಿ ಸರ್ವೀಸ್ ಸೆಂಟರೋ, ಹೊರಗಿನ ಗ್ಯಾರೇಜೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಎರಡೂ ಕಡೆ ವರ್ಷಗಟ್ಟಲೆ ಬಿಲ್ ಕಟ್ಟಿ, ಎರಡೂ ಕಡೆ ಮೋಸ ಹೋಗಿ, ಎರಡೂ ಕಡೆ ಒಳ್ಳೆಯ ಕೆಲಸಗಾರರನ್ನು ಕಂಡವನು. ಪರಿಚಯದವರು ಕಾರಿನ ವಿಷಯಕ್ಕೆ ಫೋನ್ ಮಾಡಿದಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸುಮ್ಮನೆ ಉದ್ದ ಎಳೆಯಬೇಡಿ. ಎಲ್ಲಿಗೆ ಹೋಗಲಿ, ಹೇಳಿ.

ಕೆಲಸ ನೋಡಿ ಜಾಗ ಗೊತ್ತು ಮಾಡಿ. ವಾರಂಟಿಯಲ್ಲಿರುವ ದೋಷ, ರೀಕಾಲ್, ಏರ್‌ಬ್ಯಾಗ್, ಸಾಫ್ಟ್‌ವೇರ್, ಕೀ ಪ್ರೋಗ್ರಾಮಿಂಗ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿ ಇವೆಲ್ಲ ಸರ್ವೀಸ್ ಸೆಂಟರಿನ ಕೆಲಸ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಬುಶ್, ಲಿಂಕ್ ರಾಡ್, ಬೇರಿಂಗ್, ಬೆಲ್ಟ್, ಸೈಲೆನ್ಸರ್, ರೇಡಿಯೇಟರ್, 12 ವೋಲ್ಟ್ ಬ್ಯಾಟರಿ, ಅಂದರೆ ಓಡುತ್ತಾ ಓಡುತ್ತಾ ಸವೆಯುವ ಸಾಮಾನೆಲ್ಲ, ಕೈ ಪಳಗಿದ ಯಾವ ಗ್ಯಾರೇಜಿನಲ್ಲಾದರೂ ಆಗುತ್ತದೆ. ಹೆಚ್ಚಿನ ಸಲ ಕಡಿಮೆ ಖರ್ಚಿನಲ್ಲೇ ಆಗುತ್ತದೆ. ನಡುವೆ ಒಂದಷ್ಟು ಕೆಲಸಗಳಿವೆ, ಎಸಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಇಂಜೆಕ್ಟರ್ ಇಂಥವು. ಅಲ್ಲಿ ಬೋರ್ಡ್ ನೋಡಿ ಏನೂ ಹೇಳಲಾಗದು, ಕೆಲಸ ಮಾಡುವ ವ್ಯಕ್ತಿ ಯಾರು ಅನ್ನುವುದೇ ಮುಖ್ಯ.

ವಾರಂಟಿ ಇನ್ನೂ ಇದೆ. ಹೊರಗೆ ಆಯಿಲ್ ಚೇಂಜ್ ಮಾಡಿಸಿದರೆ ವಾರಂಟಿ ಹೋಗುತ್ತಾ?

ಅತಿ ಹೆಚ್ಚು ಜನ ಹೆದರುವುದು ಇದಕ್ಕೇ. ಆದರೆ ಕಾನೂನು ಬಹಳ ಕಡೆ ಗ್ರಾಹಕನ ಪರವಾಗಿಯೇ ಇದೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಪ್ರಕಾರ, ಇಂಥದ್ದೇ ಕಂಪನಿಯ ಪಾರ್ಟ್ ಹಾಕಿಸಬೇಕು, ಇಂಥಲ್ಲೇ ಸರ್ವೀಸ್ ಮಾಡಿಸಬೇಕು ಎಂಬ ಷರತ್ತನ್ನು ವಾರಂಟಿಗೆ ಗಂಟು ಹಾಕುವಂತಿಲ್ಲ. ಆ ಪಾರ್ಟನ್ನೋ ಸರ್ವೀಸನ್ನೋ ಪುಕ್ಕಟೆ ಕೊಟ್ಟರೆ ಹಾಗೆ ಕೇಳಬಹುದು. ಯುರೋಪಿಯನ್ ಒಕ್ಕೂಟದ ಸ್ಪರ್ಧಾ ನಿಯಮಗಳ ದಾರಿಯೂ ಇದೇ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ತಯಾರಕರ ವಿರುದ್ಧ ಆದೇಶ ಕೊಟ್ಟಿತು. ಬಿಡಿಭಾಗ, ರಿಪೇರಿ ಮಾಹಿತಿ, ಡಯಾಗ್ನೋಸ್ಟಿಕ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾಳಾಗಿದೆಯೋ ಅಷ್ಟಕ್ಕೆ ಮಾತ್ರ ಕೈ ತೊಳೆದುಕೊಳ್ಳಬಹುದು ಎಂದೂ ಹೇಳಿತು.

ಇದು ಕಾಗದದ ಮಾತು. ಕೌಂಟರಿನಲ್ಲಿ ನಿಂತಾಗ ಕಥೆ ಬೇರೆ. ಇಂಜಿನ್ ಸೀಜ್ ಆಗಿ ವಾರಂಟಿ ಕೇಳಿದರೆ ಅವರು ಮೊದಲು ನೋಡುವುದು ಸರ್ವೀಸ್ ದಾಖಲೆ. ಹೊರಗೆ ಮಾಡಿಸಿದ್ದರೆ ಯಾವ ಆಯಿಲ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಎಂಬ ಬಿಲ್ ನಿಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ಕಾನೂನು ನಿಮ್ಮ ಪರವಾಗಿದ್ದರೂ ಓಡಾಟ ತಪ್ಪದು. ಹಾಗಾಗಿ ನನ್ನ ಲೆಕ್ಕ ಹೀಗೆ: ವಾರಂಟಿ ಮುಗಿಯುವವರೆಗೆ ವೇಳಾಪಟ್ಟಿಯ ಸರ್ವೀಸುಗಳನ್ನು ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ. ಆದರೆ ವೇಳಾಪಟ್ಟಿಯಲ್ಲಿ ಇದ್ದಷ್ಟೇ, ಅದಕ್ಕಿಂತ ಒಂದು ಸಾಲೂ ಹೆಚ್ಚಿಗೆ ಬೇಡ. ಟೈರ್, ಬ್ಯಾಟರಿ, ವೈಪರ್ ಬ್ಲೇಡುಗಳಿಗೆ ಅವರ ಹಂಗೇ ಇಲ್ಲ.

ಒಂದು ಎಚ್ಚರಿಕೆ. ವೈರ್ ಕತ್ತರಿಸಿ ಹಾಕಿದ ಹಾರ್ನ್, ಲೈಟು, ಮ್ಯೂಸಿಕ್ ಸಿಸ್ಟಮ್ ಇವು ವಾರಂಟಿಗೆ ಆಯಿಲ್ ಚೇಂಜಿಗಿಂತ ಎಷ್ಟೋ ಪಾಲು ಅಪಾಯ. ವೈರಿಂಗಿನಲ್ಲಿ ಟೇಪ್ ಸುತ್ತಿದ ಜಾಯಿಂಟ್ ಕಂಡರೆ ಸಾಕು, ಇಡೀ ಎಲೆಕ್ಟ್ರಿಕಲ್ ಕ್ಲೇಮಿಗೆ ಅದನ್ನೇ ಬೊಟ್ಟು ಮಾಡಿ ತೋರಿಸುತ್ತಾರೆ.

ರೀಕಾಲ್ ಅಂದರೆ? ಹಳೆ ಕಾರಿಗೂ ಅನ್ವಯಿಸುತ್ತಾ?

ತಯಾರಿಕೆಯಲ್ಲೇ ದೋಷವಿದೆ ಎಂದು ಗೊತ್ತಾದಾಗ ಕಂಪನಿ ಕಾರುಗಳನ್ನು ಕರೆಸಿ ತನ್ನ ಖರ್ಚಿನಲ್ಲಿ ಸರಿಪಡಿಸುವುದು ರೀಕಾಲ್. ವಾರಂಟಿ ಮುಗಿದಿದ್ದರೂ, ಕಾರು ಎರಡನೇ ಮೂರನೇ ಕೈಗೆ ಹೋಗಿದ್ದರೂ ಸಾಮಾನ್ಯವಾಗಿ ಪುಕ್ಕಟೆ. ತಕಾತ ಎಂಬ ಕಂಪನಿಯ ಏರ್‌ಬ್ಯಾಗ್ ಪ್ರಕರಣ ಗೊತ್ತಿರಬಹುದು. ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಗಳ ಸೆಕೆ, ತೇವಕ್ಕೆ ಹದಗೆಟ್ಟು, ಏರ್‌ಬ್ಯಾಗ್ ತೆರೆಯುವಾಗ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಒಳಗಿದ್ದವರಿಗೆ ತಗುಲಿದವು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ವಾಪಸ್ ಕರೆಯಬೇಕಾಯಿತು.

ಹೊರಗಿನ ಗ್ಯಾರೇಜಿಗೆ ಹೋಗುವವರು ಎಡವುವುದು ಇಲ್ಲೇ. ಸರ್ವೀಸ್ ಸೆಂಟರಿಗೆ ಹೋದರೆ ಕಾರಿನ ನಂಬರ್ ಹಾಕಿದ ಕೂಡಲೇ ಬಾಕಿ ರೀಕಾಲ್ ಕಾಣುತ್ತದೆ. ಗ್ಯಾರೇಜಿನವನಿಗೆ ಅದು ಗೊತ್ತಾಗುವುದಿಲ್ಲ. ಆರು ತಿಂಗಳಿಗೊಮ್ಮೆ ನೀವೇ ಕಂಪನಿಯ ಜಾಲತಾಣದಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇವತ್ತೇ ನೋಡಿ.

ಒಂದೇ ಕೆಲಸಕ್ಕೆ ಸರ್ವೀಸ್ ಸೆಂಟರಿನ ಬಿಲ್ ಅಷ್ಟು ದಪ್ಪ ಯಾಕೆ?

ದೊಡ್ಡ ಕಟ್ಟಡ, ಎಸಿ ಕೋಣೆ, ಕಾಫಿ ಮಷೀನು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಕಂಪನಿ ಕೊಂಡುಕೊಳ್ಳಲು ಹೇಳಿದ ಉಪಕರಣಗಳು, ತರಬೇತಿ, ಸಾಫ್ಟ್‌ವೇರಿನ ಚಂದಾ ಇವೂ ಅದರಲ್ಲಿವೆ. ಲೇಬರ್ ಲೆಕ್ಕವೂ ಬೇರೆ. ಪ್ರತಿ ಕೆಲಸಕ್ಕೂ ಇಂತಿಷ್ಟು ಗಂಟೆ ಎಂದು ಕಂಪನಿಯ ಪುಸ್ತಕದಲ್ಲಿರುತ್ತದೆ. ಪುಸ್ತಕದಲ್ಲಿ ಎರಡೂವರೆ ಗಂಟೆ ಅಂತಿದ್ದರೆ, ಚುರುಕಿನ ಹುಡುಗ ಒಂದೂವರೆ ಗಂಟೆಯಲ್ಲಿ ಮುಗಿಸಿದರೂ ನೀವು ಕೊಡುವುದು ಎರಡೂವರೆ ಗಂಟೆಯದ್ದು.

ಎಲ್ಲಕ್ಕಿಂತ ದೊಡ್ಡ ಕಾರಣ ಮಾತ್ರ ಬೇರೆ. ಸರ್ವೀಸ್ ಸೆಂಟರಿನಲ್ಲಿ ಸಾಮಾನ್ಯವಾಗಿ ಬಿಚ್ಚಿ ರಿಪೇರಿ ಮಾಡುವುದಿಲ್ಲ, ಅಸೆಂಬ್ಲಿ ಬದಲಿಸುತ್ತಾರೆ. ಆಲ್ಟರ್ನೇಟರಿನಲ್ಲಿ ಕಾರ್ಬನ್ ಬ್ರಶ್ ಸವೆದಿದ್ದರೆ ಆಲ್ಟರ್ನೇಟರೇ ಹೊಸದು. ಪವರ್ ವಿಂಡೋದ ಒಂದು ಪ್ಲಾಸ್ಟಿಕ್ ತುಂಡು ಮುರಿದಿದ್ದರೆ ಮೋಟರ್ ಸಮೇತ ಇಡೀ ರೆಗ್ಯುಲೇಟರ್. ಇದನ್ನು ಬರೀ ಮೋಸ ಎಂದು ತಳ್ಳಿಹಾಕಬೇಡಿ. ಕೆಲಸಕ್ಕೆ ಗ್ಯಾರಂಟಿ ಕೊಡಬೇಕಾದವರು ಅರ್ಧ ಹಳೇದು ಅರ್ಧ ಹೊಸದು ಮಾಡಿ ಕೊಡಲು ಹಿಂಜರಿಯುತ್ತಾರೆ. ಗ್ಯಾರೇಜಿನ ಹಳೆ ಕೈಗಳು ಅದೇ ಆಲ್ಟರ್ನೇಟರನ್ನು ಮೇಜಿನ ಮೇಲೆ ಬಿಚ್ಚಿ ಬ್ರಶ್ಶು, ಬೇರಿಂಗು ಹಾಕಿ ಸಂಜೆಯೊಳಗೆ ಕೂರಿಸಿಕೊಡುತ್ತವೆ.

ನನ್ನದೇ ಕಾರಿನ ಸಂಗತಿ. ಹಂಪ್ ಇಳಿಯುವಾಗ ಮುಂದಿನ ಎಡಗಡೆ 'ಟಕ್ ಟಕ್' ಸದ್ದು. ಸರ್ವೀಸ್ ಸೆಂಟರಿನಲ್ಲಿ ಅಡ್ವೈಸರ್ ಒಂದು ಸುತ್ತು ಓಡಿಸಿ ಬಂದು, ಎರಡೂ ಕಡೆ ಸ್ಟ್ರಟ್ (ಸ್ಪ್ರಿಂಗ್ ಸಮೇತ ಶಾಕ್ ಅಬ್ಸಾರ್ಬರ್) ಅಸೆಂಬ್ಲಿ, ಲೋವರ್ ಆರ್ಮ್, ಮೌಂಟು, ಅಲೈನ್‌ಮೆಂಟ್ ಎಂದು ಎಸ್ಟಿಮೇಟ್ ಬರೆದ. ಯಾವುದು ಹೋಗಿದೆ ತೋರಿಸಿ ಅಂದೆ. "ಸರ್, ಸೆಟ್ ಆಗಿ ಹಾಕಿಸಿದರೆ ಒಳ್ಳೆಯದು" ಅಂದ. ಕಾರು ತೆಗೆದುಕೊಂಡು ಹಳೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸದ್ದು ಕೇಳಲು ಓಡಿಸಲೂ ಇಲ್ಲ. ಕಾರನ್ನು ರ್‍ಯಾಂಪಿಗೆ ಹತ್ತಿಸಿ, ಸಣ್ಣ ಪ್ರೈ ಬಾರ್ ಒಂದನ್ನು ಸಸ್ಪೆನ್ಷನ್ನಿನ ಪುಟ್ಟ ಕೊಂಡಿಯಾದ ಲಿಂಕ್ ರಾಡಿನ ಪಕ್ಕ ಇಟ್ಟು ಮೀಟಿದರು. "ಕೈ ಇಡಿ ಇಲ್ಲಿ" ಅಂದರು. ಬಾಲ್ ಜಾಯಿಂಟಿನ ರಬ್ಬರ್ ಹರಿದು, ಒಳಗಿನ ಗ್ರೀಸ್ ಮಣ್ಣಾಗಿ, ರಾಡು ಸಡಿಲ ಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಎರಡು ಲಿಂಕ್ ರಾಡ್, ಮುಕ್ಕಾಲು ಗಂಟೆ. ಸ್ಟ್ರಟ್ಟುಗಳು ಅದಾದ ಮೇಲೆ ಮೂರು ವರ್ಷ ಬಂದವು.

ಹಾಗಾದರೆ ಗ್ಯಾರೇಜೇ ಜಾಣತನ ಅಂತಾಯ್ತಲ್ಲ?

ತಡೆಯಿರಿ, ಇನ್ನೊಂದು ಕಥೆ ಕೇಳಿ. ನನ್ನ ಸ್ನೇಹಿತನದ್ದು ಎಎಂಟಿ ಗೇರಿನ ಕಾರು, ಅಂದರೆ ಕ್ಲಚ್ಚು, ಗೇರು ಎರಡನ್ನೂ ಕಂಪ್ಯೂಟರೇ ನೋಡಿಕೊಳ್ಳುವಂಥದ್ದು. ಒಂದನೇ ಗೇರಿನಲ್ಲಿ ಜರ್ಕ್. ಗ್ಯಾರೇಜಿನವನು ಕ್ಲಚ್ ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕಿದ. ಕಾರು ಮೊದಲಿಗಿಂತ ಹೆಚ್ಚು ಜಿಗಿಯತೊಡಗಿತು. ಕ್ಲಚ್ಚನ್ನು ಒತ್ತುವ ಆಕ್ಚುಯೇಟರ್ ನೋಡಬೇಕು ಎಂದು ಇನ್ನೊಂದು ವಾರ ಇಟ್ಟುಕೊಂಡ. ಕೊನೆಗೆ ಸರ್ವೀಸ್ ಸೆಂಟರಿಗೆ ಒಯ್ದರೆ, ಹುಡುಗನೊಬ್ಬ ಲ್ಯಾಪ್‌ಟಾಪ್ ಸಿಕ್ಕಿಸಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎನ್ನುವುದನ್ನು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಮತ್ತೆ ಕಲಿಸಿದ. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಎಎಂಟಿ ಕಾರಿಗೆ ಕ್ಲಚ್ ಹಾಕಿದ ಮೇಲೆ ಈ ಕಲಿಸುವ ಕೆಲಸ ಆಗಲೇಬೇಕು ಅನ್ನುವುದು ಗ್ಯಾರೇಜಿನವನಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಉಪಕರಣ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು, ಬರೆಯ ದುಡ್ಡು ಮಾತ್ರ ನನ್ನ ಸ್ನೇಹಿತನದು.

ಒಂದೇ ಬ್ರ್ಯಾಂಡಿನ ಕಾರುಗಳನ್ನು ದಿನವಿಡೀ ನೋಡುವವರಿಗೆ ಆ ಮಾದರಿಯ ರೋಗಗಳು ಬಾಯಿಪಾಠ. ಜೊತೆಗೆ "ಈ ಸದ್ದು ಬಂದರೆ ಇದನ್ನು ಹೀಗೆ ಮಾಡಿ" ಎಂದು ಕಂಪನಿ ಆಗಾಗ ತಾಂತ್ರಿಕ ಸುತ್ತೋಲೆ ಕಳಿಸುತ್ತಿರುತ್ತದೆ. ಹೊಸ ಮಾದರಿಯ ವಿಚಿತ್ರ ತೊಂದರೆಗೆ ಮೊದಲು ಅಲ್ಲಿಗೇ ಹೋಗಿ.

ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪ್ರಕಾರ ಪಾರ್ಟ್ ಬದಲಿಸಿದರೆ ಸಾಕಲ್ಲವೇ?

ಸಾಲದು. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಸ್ಟೇರಿಂಗಿನ ಆಸುಪಾಸಿನಲ್ಲಿ ಸ್ಕ್ಯಾನರ್ ಸಿಕ್ಕಿಸಿ ಕಾರಿನ ದೋಷದ ಕೋಡ್ ಓದುವ 16 ಪಿನ್ನಿನ ಓಬಿಡಿ ಸಾಕೆಟ್ ಕಡ್ಡಾಯವಾಯಿತು. ಈಗ ಸಣ್ಣ ಸ್ಕ್ಯಾನರನ್ನು ಯಾರು ಬೇಕಾದರೂ ಕೊಳ್ಳಬಹುದು. ಆದರೆ ಕೋಡ್ ಅನ್ನುವುದು ದೂರು, ತೀರ್ಪಲ್ಲ. ಪಿ0420 ಎಂಬ ಕೋಡ್ ತೆಗೆದುಕೊಳ್ಳಿ. ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸ ಮಿತಿಗಿಂತ ಕೆಳಗಿಳಿದಿದೆ ಎಂದು ಅದರ ಅರ್ಥ. ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆದರೆ ಅದೇ ಕೋಡ್ ಹಿಂದಿನ ಆಕ್ಸಿಜನ್ ಸೆನ್ಸರ್ ಕೆಟ್ಟರೂ ಬರುತ್ತದೆ, ಎಕ್ಸಾಸ್ಟ್ ಪೈಪಿನ ಜಾಯಿಂಟಿನಲ್ಲಿ ಸಣ್ಣ ಲೀಕ್ ಇದ್ದರೂ ಬರುತ್ತದೆ. ಸ್ಕ್ಯಾನರಿನ ಪರದೆ ಮೇಲೆ ಸೆನ್ಸರಿನ ವೋಲ್ಟೇಜು ಹೇಗೆ ಏರಿಳಿಯುತ್ತಿದೆ ನೋಡಿ, ಲೀಕ್ ಹುಡುಕಿ, ಆಮೇಲೆ ಬಾಯಿ ಬಿಡುವವನು ಮೆಕ್ಯಾನಿಕ್. ಕೋಡ್ ಓದಿ ಪಾರ್ಟ್ ಹೆಸರು ಹೇಳುವವನು ಅಂಗಡಿಯವನು. ಈ ಎರಡೂ ಜಾತಿಯವರು ಎರಡೂ ಕಡೆ ಇದ್ದಾರೆ.

ಪರೀಕ್ಷೆಗೆ ಅಂತಲೇ ದುಡ್ಡು ಕೇಳಿದರೆ ಬೇಜಾರಾಗಬೇಡಿ. ಕಾಯಿಲೆ ಹುಡುಕುವುದು ಔಷಧಿ ಕೊಡುವುದಕ್ಕಿಂತ ಕಷ್ಟದ ಕೆಲಸ. ಪುಕ್ಕಟೆ ನೋಡುತ್ತೇನೆ ಅನ್ನುವವನು ಆ ದುಡ್ಡನ್ನು ಬೇಡದ ಪಾರ್ಟಿನಲ್ಲಿ ವಸೂಲಿ ಮಾಡುವ ಸಾಧ್ಯತೆಯೇ ಹೆಚ್ಚು.

ಒರಿಜಿನಲ್ ಪಾರ್ಟ್, ಲೋಕಲ್ ಪಾರ್ಟ್, ಡೂಪ್ಲಿಕೇಟ್. ವ್ಯತ್ಯಾಸ ಏನು?

ಕಾರು ಕಂಪನಿಗಳು ತಮ್ಮ ಕಾರಿನ ಎಲ್ಲಾ ಪಾರ್ಟುಗಳನ್ನು ತಾವೇ ಮಾಡುವುದಿಲ್ಲ. ಇಂಜೆಕ್ಟರ್ ಬಾಷ್ ಅಥವಾ ಡೆನ್ಸೊದ್ದು, ಸ್ಪಾರ್ಕ್ ಪ್ಲಗ್ ಎನ್‌ಜಿಕೆಯದು, ಫಿಲ್ಟರ್ ಮಾನ್ ಅಥವಾ ಮಾಲೆಯದು, ಕ್ಲಚ್ ವ್ಯಾಲಿಯೋ ಅಥವಾ ಲುಕ್‌ನದು ಹೀಗೆ. ಅದೇ ಸಾಮಾನು ಕಾರು ಕಂಪನಿಯ ಡಬ್ಬಿಯಲ್ಲಿ ಬಂದರೆ 'ಜೆನ್ಯೂನ್'. ತಯಾರಿಸಿದವರ ಡಬ್ಬಿಯಲ್ಲೇ ಬಂದರೆ ಬೆಲೆ ಕಡಿಮೆ, ಗುಣ ಹೆಚ್ಚುಕಡಿಮೆ ಅದೇ. ಗ್ಯಾರೇಜಿಗೆ ಹೋಗುವುದರ ನಿಜವಾದ ಲಾಭ ಈ ಎರಡನೇ ಡಬ್ಬಿಯಲ್ಲಿದೆ.

ಮೂರನೆಯದು, ಬೇರೆ ಹೆಸರಿನ ಕಂಪನಿಗಳು ತಯಾರಿಸಿದ್ದು. ಕೆಲವು ಚೆನ್ನಾಗಿರುತ್ತವೆ, ಕೆಲವು ವರ್ಷವೂ ಬಾರವು. ನಾಲ್ಕನೆಯದು ನಕಲಿ, ಡಬ್ಬಿ ಮೇಲೆ ದೊಡ್ಡವರ ಹೆಸರು, ಒಳಗೆ ಯಾರದ್ದೋ ಕಸ. ನಕಲಿ ಆಯಿಲ್ ಫಿಲ್ಟರ್ ಹೊರಗಿನಿಂದ ನೋಡಿದರೆ ಅಸಲಿಯ ತದ್ರೂಪ, ಕತ್ತರಿಸಿದಾಗಲೇ ಒಳಗಿನ ಕಾಗದ ತೆಳುವಿರುವುದು ಕಾಣುವುದು. ಬ್ರೇಕ್, ಸ್ಟೇರಿಂಗ್, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್ ಈ ನಾಲ್ಕರಲ್ಲಿ ಅಗ್ಗ ನೋಡಬಾರದು. ಅನೇಕ ಇಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಹರಿದರೆ ಪಿಸ್ಟನ್ನಿಗೆ ವಾಲ್ವ್ ಬಡಿದು ಇಂಜಿನ್ ತಲೆಯನ್ನೇ ಬಿಚ್ಚಬೇಕಾಗುತ್ತದೆ. ಬೆಲ್ಟ್ ಹಾಕಿಸುವಾಗ ಟೆನ್ಷನರ್, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಒಟ್ಟಿಗೇ ಹಾಕಿಸಿ, ಎರಡು ಸಲ ಬಿಚ್ಚುವ ಲೇಬರ್ ಉಳಿಯುತ್ತದೆ. "ಸೆಟ್ ಆಗಿ ಹಾಕಿಸಿ" ಅನ್ನುವ ಮಾತು ನ್ಯಾಯವಾಗಿರುವ ಜಾಗ ಇದು.

ನಾನೇ ಪಾರ್ಟ್ ತಂದುಕೊಟ್ಟು ಲೇಬರ್ ಮಾತ್ರ ಕೊಡಬಹುದಾ?

ಕೊಡಬಹುದು, ಆದರೆ ಪಾರ್ಟ್ ಕೈಕೊಟ್ಟರೆ ಜವಾಬ್ದಾರಿ ನಿಮ್ಮದು. ಸರ್ವೀಸ್ ಸೆಂಟರಿನವರು ಒಪ್ಪುವುದು ಅಪರೂಪ.

ಎಸ್ಟಿಮೇಟಿನಲ್ಲಿ ಏನೇನೋ ಸೇರಿಸಿರುತ್ತಾರೆ. ಯಾವುದನ್ನು ಹೊಡೆದು ಹಾಕಲಿ?

ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಸ್ಯಾನಿಟೈಸೇಶನ್, ಇಂಜಿನ್ ಡ್ರೆಸ್ಸಿಂಗ್, ಇಂಟೀರಿಯರ್ ಪಾಲಿಶ್, ಫ್ಯುಯಲ್ ಅಡಿಟಿವ್. ಅಡ್ವೈಸರಿಗೆ ಇಂಥವನ್ನು ಮಾರಿದರೆ ಇನ್ಸೆಂಟಿವ್ ಸಿಗುವುದು ಸಾಮಾನ್ಯ, ಅದಕ್ಕೇ ಇವು ಜಾಬ್ ಕಾರ್ಡಿಗೆ (ಮಾಡಬೇಕಾದ ಕೆಲಸಗಳನ್ನು ಬರೆಯುವ ಚೀಟಿಗೆ) ತಾವಾಗಿ ಬಂದು ಕೂರುತ್ತವೆ. ನನ್ನ ಉಪಾಯ ಸುಲಭ. ಕಾರಿನ ಓನರ್ಸ್ ಮ್ಯಾನುಯಲ್ ಜೊತೆಗೇ ಒಯ್ಯುತ್ತೇನೆ. ಪ್ರತಿ ಸಾಲಿಗೂ "ಇದು ಈ ಕಿಲೋಮೀಟರಿಗೆ ಮ್ಯಾನುಯಲ್‌ನಲ್ಲಿ ಎಲ್ಲಿದೆ?" ಎಂದು ಕೇಳುತ್ತೇನೆ. ಅರ್ಧ ಸಾಲು ಅಲ್ಲೇ ಉದುರುತ್ತವೆ.

ಹೊಡೆದು ಹಾಕಬಾರದ್ದೂ ಇವೆ. ಅವುಗಳಲ್ಲಿ ಮೊದಲನೆಯದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಎದ್ದು ಪೆಡಲ್ ಪಾತಾಳಕ್ಕೆ ಹೋಗುತ್ತದೆ. ಅನೇಕ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತವೆ. ಗಾಡಿ ಓಡಲಿ ಬಿಡಲಿ, ತೇವ ಸೇರುತ್ತಲೇ ಇರುತ್ತದೆ. ಮನೆ ಮುಂದೆ ಮುಚ್ಚಿಟ್ಟ ಕಾರಿಗೂ ಈ ಮಾತು ಸಲ್ಲುತ್ತದೆ.

ಗ್ಯಾರೇಜಿನಲ್ಲಿ ಆಯಿಲ್ ವಿಷಯಕ್ಕೆ ಏನು ಗಮನಿಸಬೇಕು?

ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡ್ ಮತ್ತು ಗುಣಮಟ್ಟ ಎರಡೂ ಹೊಂದಬೇಕು. 0ಡಬ್ಲ್ಯೂ-20 ಎಂಬ ತೆಳು ಆಯಿಲ್ ಕೇಳುವ ಇಂಜಿನ್ನಿಗೆ "ನಮ್ಮಲ್ಲಿ ಎಲ್ಲಾ ಗಾಡಿಗೂ ಇದೇ" ಎಂದು ದಪ್ಪನೆಯ 20ಡಬ್ಲ್ಯೂ-50 ಸುರಿಯುವವರಿದ್ದಾರೆ, ಅಲ್ಲಿಂದ ಎದ್ದು ಬನ್ನಿ. ಹೊಗೆಯ ಮಸಿ ಹಿಡಿಯುವ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಕಾರಿಗೆ ಕಡಿಮೆ ಬೂದಿ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬೆಲ್ಟಿನಿಂದ ಓಡುವ ಸಿವಿಟಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಅದರದ್ದೇ ಫ್ಲೂಯಿಡ್, ಸಾಮಾನ್ಯ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಒಳಗಿನ ಬೆಲ್ಟ್ ಜಾರಿ ಗೇರ್‌ಬಾಕ್ಸೇ ಹೋಗಬಹುದು. ಕೂಲಂಟನ್ನು ಬಣ್ಣ ನೋಡಿ ಹಾಕುವುದೂ ತಪ್ಪು. ಬಣ್ಣಕ್ಕೆ ಜಾಗತಿಕ ನಿಯಮ ಏನೂ ಇಲ್ಲ, ಡಬ್ಬಿಯ ಮೇಲಿನ ಸ್ಪೆಸಿಫಿಕೇಶನ್ ಓದಬೇಕು.

ಡಬ್ಬಿಯ ಸೀಲ್ ನಿಮ್ಮ ಎದುರೇ ಒಡೆಯಲಿ. ಖಾಲಿ ಡಬ್ಬಿ ನಿಮ್ಮ ಜೊತೆ ಮನೆಗೆ ಬರಲಿ.

ಹೊಸ ಮೆಕ್ಯಾನಿಕ್ಕನ್ನು ಹೇಗೆ ಪರೀಕ್ಷಿಸುವುದು?

ದೊಡ್ಡ ಕೆಲಸ ಕೊಟ್ಟು ಪರೀಕ್ಷೆ ಮಾಡಬೇಡಿ. ಮೊದಲು ಆಯಿಲ್ ಚೇಂಜ್ ಕೊಡಿ, ಪಕ್ಕದಲ್ಲಿ ನಿಲ್ಲಿ. ಡ್ರೈನ್ ಬೋಲ್ಟಿನ ಕೆಳಗೆ ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ ಒಂದು ಪುಟ್ಟ ವಾಷರ್ ಇರುತ್ತದೆ. ಒಮ್ಮೆ ಬಿಗಿದರೆ ಅಪ್ಪಚ್ಚಿಯಾಗುವ ಸಾಮಾನು, ಬಹುಪಾಲು ಕಾರುಗಳಲ್ಲಿ ಪ್ರತಿ ಸಲ ಹೊಸದು ಹಾಕಬೇಕು. ಅದನ್ನು ಕೇಳದೆಯೇ ಬದಲಿಸಿದರೆ ಅರ್ಧ ಮಾರ್ಕು ಅಲ್ಲೇ ಕೊಡಬಹುದು. ಹೊಸ ಆಯಿಲ್ ಫಿಲ್ಟರ್ ಹಾಕುವ ಮುನ್ನ ರಬ್ಬರ್ ರಿಂಗಿಗೆ ಬೆರಳಿನಿಂದ ಒಂದು ತೊಟ್ಟು ಆಯಿಲ್ ಸವರುತ್ತಾರಾ, ಹಳೆ ರಿಂಗು ಇಂಜಿನ್ನಿಗೇ ಅಂಟಿಕೊಂಡಿದೆಯಾ ಎಂದು ಒರೆಸಿ ನೋಡುತ್ತಾರಾ ಗಮನಿಸಿ.

ಎರಡನೇ ಪರೀಕ್ಷೆ ಚಕ್ರ. ಏರ್ ಗನ್ನಿನಿಂದ 'ಬರ್ರ್' ಅಂತ ಬಿಗಿದು ಕೈ ತೊಳೆದುಕೊಂಡರೆ ಸರಿಯಲ್ಲ. ನಟ್ಟುಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಎದುರುಬದುರಾಗಿ ಬಿಗಿದು, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕಿ 'ಟಿಕ್' ಅನ್ನಿಸಬೇಕು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ನಾನು ಇಂಜಿನ್ ಕೆಲಸ ಕೊಡುವುದಿಲ್ಲ, ನೆಂಟರದ್ದಾದರೂ ಸರಿ.

ಬಿಲ್ ಕೊಡುತ್ತಾರಾ, "ಇದು ನಮ್ಮ ಕೈಲಿ ಆಗಲ್ಲ, ಕಂಪನಿಗೇ ತಗೊಂಡು ಹೋಗಿ" ಎಂದು ಒಪ್ಪಿಕೊಳ್ಳುತ್ತಾರಾ ನೋಡಿ. ಆ ಮಾತು ಹೇಳುವವರನ್ನು ಬಿಡಬೇಡಿ.

ಹಳೆ ಪಾರ್ಟ್ ವಾಪಸ್ ಕೇಳಬಹುದಾ?

ಕೇಳಲೇಬೇಕು, ಅದೂ ಕೆಲಸ ಶುರುವಾಗುವ ಮುಂಚೆಯೇ. ಆಮೇಲೆ ಕೇಳಿದರೆ "ಸ್ಕ್ರ್ಯಾಪಿಗೆ ಹೋಯ್ತು" ಅನ್ನುತ್ತಾರೆ. ವಾರಂಟಿಯಲ್ಲಿ ಬದಲಿಸಿದ್ದು, ಹಳೇದು ಕೊಟ್ಟರೆ ಮಾತ್ರ ಬೆಲೆ ಕಡಿಮೆಯಾಗುವ ಸ್ಟಾರ್ಟರ್, ಆಲ್ಟರ್ನೇಟರ್ ಥರದವು ಕಂಪನಿಗೆ ವಾಪಸ್ ಹೋಗುತ್ತವೆ. ಆಗ ಕೊನೇಪಕ್ಷ ಕಣ್ಣಿಗೆ ತೋರಿಸಲಿ. ಬ್ರೇಕ್ ಡಿಸ್ಕ್ ಬದಲಿಸಬೇಕು ಅಂದರೆ ಅದರ ಅಂಚಿನಲ್ಲೋ ನಡುವಿನ ಟೋಪಿಯಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಮಿಲಿಮೀಟರಿನಲ್ಲಿ ಕೊರೆದಿರುತ್ತದೆ. ಅಳೆದು ತೋರಿಸಿ ಅನ್ನಿ. ಅಳೆಯುವ ಸಾಧನವೇ ಇಲ್ಲದವನು ಡಿಸ್ಕ್ ಹೋಗಿದೆ ಎಂದು ಹೇಗೆ ಹೇಳಿದ?

ಎಡಿಎಎಸ್ (ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇರುವ ಕಾರಿನ ಮುಂದಿನ ಗ್ಲಾಸ್ ಹೊರಗೆ ಹಾಕಿಸಬಹುದಾ?

ಗ್ಲಾಸ್ ಹಾಕುವುದು ದೊಡ್ಡ ವಿಷಯವಲ್ಲ. ಅದರ ಹಿಂದೆ, ಕನ್ನಡಿಯ ಹತ್ತಿರ ಇರುವ ಕ್ಯಾಮೆರಾ ಇದೆಯಲ್ಲ, ತಾನಾಗಿ ಬ್ರೇಕ್ ಹಾಕುವ, ಲೇನ್ ಹಿಡಿಯುವ ವ್ಯವಸ್ಥೆಗೆ ಅದೇ ಕಣ್ಣು. ಗ್ಲಾಸ್ ಬದಲಿಸಿದ ಮೇಲೆ ಅದನ್ನು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಅದರ ನೋಟವನ್ನು ಮತ್ತೆ ಅಳತೆಗೆ ಕೂರಿಸಬೇಕು. ಇಲ್ಲದಿದ್ದರೆ ಕೂದಲೆಳೆಯಷ್ಟು ಕೋನ ತಪ್ಪಿದರೂ ಐವತ್ತು ಮೀಟರ್ ಮುಂದೆ ಪಕ್ಕದ ಲೇನಿನ ಗಾಡಿ ನಿಮ್ಮ ಲೇನಿನಲ್ಲಿದ್ದಂತೆ ಕಾಣಬಹುದು. ಬಂಪರ್ ಬಿಚ್ಚಿ ಹಾಕಿದಾಗ ರೇಡಾರಿನದ್ದೂ ಇದೇ ಪಾಡು. ಕ್ಯಾಲಿಬ್ರೇಶನ್ನಿನ ಫಲಕ ಮತ್ತು ಸಾಫ್ಟ್‌ವೇರ್ ಇರುವ ಹೊರಗಿನವರೂ ಇದ್ದಾರೆ. ಮಾಡಿದ ಬಗ್ಗೆ ಪ್ರಿಂಟ್ ಔಟ್ ಕೊಡುವವರ ಹತ್ತಿರ ಮಾಡಿಸಿ.

ಎಲೆಕ್ಟ್ರಿಕ್, ಹೈಬ್ರಿಡ್ ಕಾರು?

ಟೈರು, ಬ್ರೇಕು, ಸಸ್ಪೆನ್ಷನ್ನಿಗೆ ಯಾರಾದರೂ ಸರಿ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಾಕಲು ತರಬೇತಿ ಇರಬೇಕು. ಆ ಬಣ್ಣ ಅಂದರೆ ಹೈ ವೋಲ್ಟೇಜ್, ಎಲೆಕ್ಟ್ರಿಕ್ ಕಾರುಗಳಲ್ಲಿ ಸಾಮಾನ್ಯವಾಗಿ 400 ವೋಲ್ಟ್‌ನ ಆಸುಪಾಸು, ಕೆಲವು ಹೊಸದರಲ್ಲಿ 800. ಜಾಕ್ ಕೊಡುವ ಜಾಗವೂ ಬೇರೆ ಇರುತ್ತದೆ. ತಪ್ಪು ಜಾಗದಲ್ಲಿ ಎತ್ತಿದರೆ ಬ್ಯಾಟರಿಯ ತಟ್ಟೆಗೇ ಪೆಟ್ಟು.

ಹೊರಗೆ ಮಾಡಿಸಿದರೆ ಮಾರುವಾಗ ಬೆಲೆ ಬೀಳುತ್ತಾ?

ದಾಖಲೆ ಇಲ್ಲದಿದ್ದರೆ ಬೀಳುತ್ತದೆ. ಕೊಳ್ಳುವವನಿಗೆ ಸರ್ವೀಸ್ ಸೆಂಟರಿನ ಸೀಲು ಕಂಡರೆ ಸಮಾಧಾನ, ಅದನ್ನು ಅಲ್ಲಗಳೆಯಲಾರೆ. ಆದರೆ ವಾರಂಟಿ ಮುಗಿದ ಹಳೆ ಕಾರಿಗೆ, ಕಿಲೋಮೀಟರ್ ಬರೆದ ಬಿಲ್ಲುಗಳ ಒಂದು ಫೈಲ್ ಇಟ್ಟುಕೊಂಡಿದ್ದರೆ ಬಹಳ ವ್ಯತ್ಯಾಸ ಆಗದು. ನಾನು ಪ್ರತಿ ಬಿಲ್ಲಿನ ಫೋಟೊ ತೆಗೆಯುವಾಗ ಡ್ಯಾಶ್‌ಬೋರ್ಡಿನ ಓಡೋಮೀಟರಿನದ್ದೂ ಒಂದು ತೆಗೆದಿಡುತ್ತೇನೆ. ಥರ್ಮಲ್ ಕಾಗದದ ಅಕ್ಷರ ಎರಡೇ ವರ್ಷದಲ್ಲಿ ಮಾಯವಾಗಿ, ಬಿಳಿ ಚೀಟಿ ಹಿಡಿದು ನಿಂತ ಮೇಲೆ ಬಂದ ಬುದ್ಧಿ ಇದು.

ಆಕ್ಸಿಡೆಂಟ್ ಆದಾಗ?

ಮೊದಲು ಇನ್ಶೂರೆನ್ಸ್ ಪಾಲಿಸಿಯ ಷರತ್ತು ಓದಿ, ಕೆಲವು ಪಾಲಿಸಿಗಳಲ್ಲಿ ಅವರ ಪಟ್ಟಿಯ ವರ್ಕ್‌ಶಾಪಿಗೇ ಹೋಗಬೇಕು. ಚಾಸಿಸ್ ಬಾಗಿದ್ದರೆ ಅಳತೆ ಬೆಂಚ್ ಇರುವಲ್ಲಿಗೆ ಹೋಗಿ. ಸಣ್ಣ ಗೀರು, ಡೆಂಟಿಗೆ ಒಳ್ಳೆಯ ಪೇಂಟಿಂಗ್ ಬೂತ್ ಇರುವ ಯಾರಾದರೂ ಆದೀತು.

ಕೆಲಸ ಕೆಟ್ಟರೆ ಯಾರ ಹತ್ತಿರ ನ್ಯಾಯ ಕೇಳಲಿ?

ಸರ್ವೀಸ್ ಸೆಂಟರಿನಲ್ಲಿ ಮೆಟ್ಟಿಲುಗಳಿವೆ. ಅಡ್ವೈಸರ್, ವರ್ಕ್ಸ್ ಮ್ಯಾನೇಜರ್, ಆಮೇಲೆ ಕಾರು ಕಂಪನಿಯ ಗ್ರಾಹಕ ವಿಭಾಗ. ಬಾಯಿಮಾತು ಬಿಟ್ಟು ಇಮೇಲ್ ಮಾಡಿ, ಜಾಬ್ ಕಾರ್ಡ್ ನಂಬರ್ ಹಾಕಿ. ಜಾಬ್ ಕಾರ್ಡಿನಲ್ಲಿ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿರಬೇಕು. "ಜನರಲ್ ಚೆಕಪ್" ಎಂದು ಬರೆಸಿಕೊಂಡು ಬಂದರೆ ಮುಂದೆ ಏನೂ ಸಾಧಿಸಲಾಗದು. "ಬೆಳಗ್ಗೆ ತಣ್ಣಗಿದ್ದಾಗ ಎರಡನೇ ಗೇರಿಗೆ ಹಾಕಿದರೆ ಕೊರಕೊರ ಸದ್ದು, ಬಿಸಿಯಾದ ಮೇಲೆ ಇಲ್ಲ" ಎಂದಿದ್ದರೆ ಅದೇ ಸಾಕ್ಷಿ. ಹೀಗೆ ಬರೆದರೆ ಮೆಕ್ಯಾನಿಕ್ಕಿಗೂ ಅರ್ಧ ದಾರಿ ಸಿಕ್ಕಿದಂತೆ.

ಗ್ಯಾರೇಜಿನಲ್ಲಿ ಮೆಟ್ಟಿಲಿಲ್ಲ, ಮಾಲೀಕ ಒಬ್ಬನೇ. ಒಳ್ಳೆಯವನಾದರೆ ಕೆಟ್ಟ ಕೆಲಸವನ್ನು ಮರುದಿನವೇ ಪುಕ್ಕಟೆ ಸರಿಮಾಡಿ ಕೊಡುತ್ತಾನೆ. ಅಲ್ಲದಿದ್ದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಹಾಗಾಗಿ ಪೂರ್ತಿ ದುಡ್ಡು ಮುಂಗಡ ಕೊಡಬೇಡಿ, ಒಟ್ಟಿಗೆ ಕೂತು ಒಂದು ಸುತ್ತು ಓಡಿಸಿದ ಮೇಲೆ ಬಾಕಿ ಕೊಡಿ. ಓಡಿಸುವಾಗ ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಸದ್ದು ಬರುತ್ತಿದ್ದ ಅದೇ ಹಂಪಿನ ಮೇಲೆ ಹೋಗಿ.